ಗೂಢಚಾರನಿಗೊಬ್ಬ ಸೋದರಮಾವ

ಶಿಕಾರಿಪುರದಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷ್ ಅಕ್ಷರಗಳನ್ನು ಕುಟ್ಟುವವನಿಗೆ ಇಂಗ್ಲಿಷ್ ಬಾರದೇ ಇರುತ್ತದೆಯೇ ಎಂದು ಊರಿನವರು ತಾವೇ ತೀರ್ಮಾನಿಸಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ನನ್ನ ಬೆರಳಿಗೆ ಇಂಗ್ಲಿಷ್ ಬರುತ್ತಿತ್ತು, ಕಿವಿಗೆ ಬರುತ್ತಿರಲಿಲ್ಲ. ಆದರೆ ಕೇಳದೆ ಸಿಕ್ಕ ಮರ್ಯಾದೆಯನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಾಗಿರಲಿಲ್ಲ, ಈಗಲೂ ಅಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮೂರ ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಮಾತ್ರ ಇಂಗ್ಲಿಷ್ ಚಿತ್ರ ಬರುತ್ತಿತ್ತು. ಅದರಲ್ಲೂ ಒಬ್ಬ ಗೂಢಚಾರನ ಚಿತ್ರಗಳೆಂದರೆ ಜನ ಮುಗಿಬೀಳುತ್ತಿದ್ದರು. ನಮ್ಮ ಅಪ್ಪಂದಿರ ಕಾಲದಿಂದ ಒಂದಾದ ಮೇಲೊಂದು ಬರುತ್ತಿದ್ದ ಸರಣಿ ಅದು. ಪ್ರತಿ ಚಿತ್ರದಲ್ಲೂ ಗಾಜಿನ ತೊಟ್ಟಿಯ ಮೀನುಗಳಿಗೆ ಆಹಾರ ಹಾಕುತ್ತ ಕೂತ ಬೋಳುತಲೆಯ ಹಿರಿಯನೊಬ್ಬ ಗೂಢಚಾರನನ್ನು ಕರೆದು ಕೆಲಸ ಒಪ್ಪಿಸುತ್ತಿದ್ದ. ಇವನು ಯಾವ ದೇಶದಲ್ಲಿ ಸಿಕ್ಕಿಬಿದ್ದರೂ ವೈರ್‌ಲೆಸ್ ಮುಂದೆ ಕೂತ ಹೆಂಗಸೊಬ್ಬಳು ದಾರಿ ಹೇಳಿ ಪಾರುಮಾಡುತ್ತಿದ್ದಳು. ಮಾತು ತಿಳಿಯದವರಿಗಾಗಿ ಯಾರಾದರೊಬ್ಬರು ನಡುವಿನ ಸಾಲಿನಲ್ಲಿ ಕೂತು ಗಟ್ಟಿಯಾಗಿ ಕನ್ನಡದಲ್ಲಿ ಕಥೆ ಹೇಳುವುದು ನಮ್ಮಲ್ಲಿ ರೂಢಿ. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನವೇ ಎಡವಟ್ಟಾಯಿತು. ಬೋಳುತಲೆಯವನು ಗೂಢಚಾರನಿಗೆ ಏನೋ ಗದರಿ, ಆಮೇಲೆ ಭುಜ ತಟ್ಟಿ ಇನ್ನೇನೋ ಅಂದ. "ಏನಂದ್ರೀ ಮೇಷ್ಟ್ರೇ?" ಎಂದು ಹಿಂದಿನ ಸಾಲಿನವರು ಕೇಳಿದರು. ನನಗೆ ಒಂದು ಪದವೂ ತಿಳಿದಿರಲಿಲ್ಲ. ಸುಮ್ಮನಿದ್ದರೆ ಮಾನ ಹೋಗುತ್ತದೆ. ಇಷ್ಟು ಸಲಿಗೆಯಿಂದ ಬೈದು ಇಷ್ಟು ಅಕ್ಕರೆಯಿಂದ ಭುಜ ತಟ್ಟುವವನು ಸೋದರಮಾವನಲ್ಲದೆ ಇನ್ಯಾರು? "ಅವರು ಇವನ ಸೋದರಮಾವ" ಎಂದುಬಿಟ್ಟೆ. ಇಡೀ ಟಾಕೀಸು ಹೌದೌದು ಎಂದು ಒಪ್ಪಿಕೊಂಡಿತು. ಐದು ನಿಮಿಷಕ್ಕೆ ವೈರ್‌ಲೆಸ್ ಹೆಂಗಸು ತೆರೆಯ ಮೇಲೆ ಬಂದಳು. ಮಾವ ಅಂದಮೇಲೆ ಮಾವನ ಮಗಳು ಬೇಕಲ್ಲ, ಅವಳನ್ನೇ ಮಗಳು ಮಾಡಿದೆ.

ಹೀಗೆ ಇಡೀ ಜಗತ್ತಿಗೆ ತಿಳಿಯದ ಸಂಗತಿಯೊಂದು ಶಿಕಾರಿಪುರ, ಸೊರಬ ಎರಡೂರಿನವರಿಗೆ ಮಾತ್ರ ತಿಳಿದಿತ್ತು. ಗೂಢಚಾರನಿಗಾಗಿ ಮಾವನ ಮಗಳು ಮದುವೆಯಾಗದೆ ಕಾದಿದ್ದಾಳೆ! ಸೊರಬಕ್ಕೆ ಅದನ್ನು ಮುಟ್ಟಿಸಿದವನೂ ನಾನೇ. ನಮ್ಮಲ್ಲಿ ಆಡಿದ ಚಿತ್ರದ ಡಬ್ಬ ಮುಂದಿನ ವಾರ ಸೊರಬದ ಟಾಕೀಸಿಗೆ ಹೋಗುತ್ತಿತ್ತು. ಅದರ ಹಿಂದೆಯೇ ನನ್ನನ್ನು ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿಗೆ ಹತ್ತಿಸಿಕೊಂಡು ಹೋಗುತ್ತಿದ್ದವನು ನನ್ನ ಗೆಳೆಯ, ಒಬ್ಬ ದರ್ಜಿ.

ಅವನ ಅಂಗಡಿಯ ಮಹಡಿಯ ಮೇಲೆ ನನ್ನ ಟೈಪಿಂಗ್ ತರಗತಿ. ಮೂವತ್ತು ದಾಟಿದ್ದರೂ ಅವನಿಗೆ ಮದುವೆಯಾಗಿರಲಿಲ್ಲ. ಅವನ ಸ್ವಂತ ಸೋದರಮಾವ ಸೊರಬದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಅವರಿಗೆ ಒಬ್ಬಳೇ ಮಗಳು. ಸಾಗರದಲ್ಲಿ ಬಿ.ಎ. ಮುಗಿಸಿ ಸೊರಬದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮದುವೆಯಾದರೆ ಅವಳನ್ನೇ ಎಂದು ನನ್ನ ಗೆಳೆಯ ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದ. ಆದರೆ ಹೆಣ್ಣು ಕೇಳಲು ಹಿರಿಯರು ಹೋಗಬೇಕು. ಅವನ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದರು. ನಾನು ಹೋಗಿ ಕೇಳಲೇ ಅಂದರೆ, ನೀವು ನನಗಿಂತ ಚಿಕ್ಕವರು, ಚೆನ್ನಾಗಿರಲ್ಲ ಎನ್ನುತ್ತಿದ್ದ. ತಾನೇ ಕೇಳುವ ಮಾತೆತ್ತಿದರೆ ಕತ್ತರಿ ಕೆಳಗಿಟ್ಟು ಬೆವರುತ್ತಿದ್ದ.

ನಮ್ಮ ಜೊತೆ ಶಿಕಾರಿಪುರದ ಇನ್ನೂ ಕೆಲವರು ಬಸ್ಸು ಹತ್ತುತ್ತಿದ್ದರು. ಸೊರಬದಲ್ಲಿ ಆಟ ಮುಗಿದ ಮೇಲೆ ಎಲ್ಲರೂ ಸೇರುತ್ತಿದ್ದದ್ದು ಆ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆಯೇ. ಮುಂದಿನ ಚಿತ್ರದಲ್ಲಿ ಏನಾಗಬೇಕು ಎನ್ನುವುದು ಅಲ್ಲಿಯ ಏಕೈಕ ವಿಷಯ. ವೈರಿ ದೇಶ ಒಡೆದು ಚೂರಾಗಿದೆಯಂತೆ, ಇನ್ನು ಗೂಢಚಾರನಿಗೆ ಕೆಲಸವೇನು ಎಂದು ಒಬ್ಬರು ಚಿಂತಿಸಿದರೆ, "ನಮ್ಮ ಕಡೆ ಕಳಿಸ್ಲಿ ಬಿಡ್ರಿ. ಹಕ್ಕಿ ನೋಡೋ ವೇಷದಲ್ಲಿ ಗುಡವಿ ಕೆರೆ ಹತ್ರ ಕೂರ್ಲಿ, ಗಂಧದ ಕಳ್ಳರನ್ನ ಹಿಡೀಲಿ" ಎಂದು ಇನ್ನೊಬ್ಬರು ದಾರಿ ತೋರಿಸುತ್ತಿದ್ದರು. ಕೊನೆಗೆ ಮಾತು ಬಂದು ನಿಲ್ಲುತ್ತಿದ್ದದ್ದು ಮದುವೆಗೆ. ಶಿಕಾರಿಪುರದವರೆಲ್ಲ ಮದುವೆಯ ಪರ. ಸೊರಬದವರು ವಿರುದ್ಧ, ಅವರ ಮುಂದಾಳು ಈ ಪಾತ್ರೆ ಅಂಗಡಿಯ ಮಾವನೇ.

"ಮದುವೆ ಮಾಡಿದ್ರೆ ಮುಗೀತು ಕಣೋ ಅವನ ಕಥೆ" ಎಂದು ಅವರು ಮುಂದಿದ್ದ ಕೊಡಕ್ಕೆ ಟಣ್ಣೆಂದು ಬೆರಳು ಹೊಡೆಯುತ್ತಿದ್ದರು. "ಆಮೇಲೆ ವಿಮಾನದಿಂದ ಹಾರ್ತಾನಾ ಅವನು? ಸಂಜೆ ಎಷ್ಟೊತ್ತಿಗೆ ಬರ್ತೀರಿ ಅಂತ ಅವಳು ಕೇಳ್ತಾಳೆ. ಸೊಪ್ಪು ತರೋಕೆ ಕಳಿಸ್ತಾಳೆ. ಅದನ್ನ ನೋಡೋಕೆ ನಾವು ಟಾಕೀಸಿಗೆ ಹೋಗ್ಬೇಕಾ?"

"ಹಂಗಲ್ಲ ಮಾವ, ಅವಳೂ ಕಾಯ್ತಾ ಇದಾಳಲ್ಲ. ಅವಳ ವಯಸ್ಸೇನು ನಿಲ್ತದಾ?" ಎಂದು ನನ್ನ ಗೆಳೆಯ ಕೆಂಪಾಗುತ್ತಿದ್ದ.

"ಕಾಯ್ಲಿ ಬಿಡು. ದೇಶ ದೊಡ್ಡದಾ, ಮದುವೆ ದೊಡ್ಡದಾ?"

ಚಹಾ ತಂದ ಮಗಳು ಇದನ್ನೆಲ್ಲ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಪಾಪ, ಮದುವೆಯ ಮಾತೆಂದರೆ ನಾಚಿಕೆ ಎಂದು ನಾನು ತಿಳಿದಿದ್ದೆ. ನನ್ನ ತಿಳಿವಳಿಕೆ ಅಷ್ಟರದು.

ಒಂದು ಭಾನುವಾರ ಚಿತ್ರ ತೆಗೆಯುವ ಕಂಪನಿಗೇ ಕಾಗದ ಬರೆಯುವುದೆಂದು ತೀರ್ಮಾನವಾಯಿತು. ಮುಂದಿನ ಚಿತ್ರದಲ್ಲಿ ಗೂಢಚಾರ ತನ್ನ ಸೋದರಮಾವನ ಮಗಳನ್ನು ಮದುವೆಯಾಗತಕ್ಕದ್ದು ಎಂದು ಅರ್ಜಿಯ ಧಾಟಿಯಲ್ಲಿ ನಾನೇ ಟೈಪು ಮಾಡಿದೆ. ಮುಂದಿನ ಸಲ ಹೋದಾಗ ಕಟ್ಟೆಯ ಮೇಲಿದ್ದವರೆಲ್ಲ, ಸೊರಬದ ಕೆಲವರು ಕೂಡ, ಸಹಿ ಹಾಕಿದರು. ಮಾವ ಮಾತ್ರ ಕಾಗದವನ್ನು ಹಿಂದಕ್ಕೆ ತಳ್ಳಿದರು. "ನಂದು ಬೇರೆ ಅಭಿಪ್ರಾಯ. ಸಾಯೋವರೆಗೂ ಇದಕ್ಕೆ ಸಹಿ ಹಾಕೋನಲ್ಲ" ಅಂದರು.

ವಾಪಸು ಬರುವ ಬಸ್ಸು ಹತ್ತಿದೆವು. ಶಿರಾಳಕೊಪ್ಪ ದಾಟಿದ ಮೇಲೆ ನನ್ನ ಗೆಳೆಯ ಮೆಲ್ಲಗೆ ಹೇಳಿದ. "ಮಾವಂಗೆ ನನ್ನ ಮನಸ್ಸು ಗೊತ್ತಾಗಿದೆ ಮೇಷ್ಟ್ರೇ. ನೇರ ಹೇಳೋಕಾಗದೆ ಹಿಂಗೆ ಹೇಳಿದ್ರು. ಆಯ್ತು, ಹೊಸ ಚಿತ್ರ ಬರ್ಲಿ. ಅದ್ರಲ್ಲಿ ಮದುವೆ ಆದ್ರೆ ಮಾವ ಸೋತಂಗೆ, ಅವತ್ತೇ ಕೇಳ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆ ಕಡೆ ಹೆಣ್ಣು ನೋಡ್ತೀನಿ, ಸೊರಬದ ಸಹವಾಸ ಸಾಕು."

ಎಂದೋ ನಾನು ಮಾನ ಉಳಿಸಿಕೊಳ್ಳಲು ಆಡಿದ ಸುಳ್ಳಿನ ಮೇಲೆ ಇವನು ತನ್ನ ಬಾಳನ್ನೇ ಇಟ್ಟು ಕೂತಿದ್ದ. ಅಲ್ಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಆ ಅರ್ಜಿಯನ್ನು ಅಂಚೆಗೂ ಹಾಕಲಿಲ್ಲ, ಕಾರ್ಬನ್ ಹಾಳೆಗಳ ಅಡಿಯಲ್ಲಿ ಬಚ್ಚಿಟ್ಟೆ. ಯಾರಾದರೂ ಕೇಳಿದರೆ, ಉತ್ತರ ಬರಲು ತಡವಾಗುತ್ತದೆ, ಹೊರದೇಶವಲ್ಲವೇ ಎಂದು ಸಿಡುಕುತ್ತಿದ್ದೆ.

ಹೊಸ ಚಿತ್ರವೂ ಬೇಗ ಬರಲಿಲ್ಲ. ಸರಣಿ ನಿಂತೇಹೋಯಿತೆಂದು ಪತ್ರಿಕೆಗಳು ಬರೆದವು. ಹಳೆಯ ಚಿತ್ರಗಳೇ ತಿರುತಿರುಗಿ ಬಂದವು, ಕಟ್ಟೆಯ ಮೇಲಿನ ವಾದವೂ ಅವುಗಳ ಜೊತೆ ತಿರುಗಿತು. ಕೆಲವು ವರ್ಷಗಳ ಮೇಲೆ ಅಂತೂ ಹೊಸ ನಾಯಕನನ್ನು ಹಾಕಿಕೊಂಡು ತೆಗೆದ ಚಿತ್ರ ಬಂತು. ಆ ಸಲ ನಮ್ಮ ಟಾಕೀಸಿನಲ್ಲಿ ಪರದೆ ಬದಲಿಸುತ್ತಿದ್ದರು, ಹಾಗಾಗಿ ಡಬ್ಬ ಮೊದಲು ಸೊರಬಕ್ಕೆ ಹೋಯಿತು. ನನ್ನ ಗೆಳೆಯ ತಾನೇ ಹೊಲಿದುಕೊಂಡ ಹೊಸ ಅಂಗಿ ಹಾಕಿ ಬಂದಿದ್ದ.

ಎಂದಿನಂತೆ ನಾನು ನಡುವಿನ ಸಾಲಿನಲ್ಲಿ ಕೂತೆ, ನನ್ನ ಪಕ್ಕ ಅವನು. ಮಾವ ಮತ್ತು ಮಗಳು ಎರಡು ಸಾಲು ಮುಂದೆ. ಚಿತ್ರ ಶುರುವಾಯಿತು. ಕಚೇರಿಯ ದೃಶ್ಯ ಬಂತು. ಮೀನಿನ ತೊಟ್ಟಿಯಿಲ್ಲ. ಬೋಳುತಲೆಯಿಲ್ಲ. ಅವನ ಜಾಗದಲ್ಲಿ ಯಾರೋ ಎಳೆಯ ಅಧಿಕಾರಿ, ವೈರ್‌ಲೆಸ್ ಜಾಗದಲ್ಲಿ ಸಾಲುಸಾಲು ಕಂಪ್ಯೂಟರು.

"ಮಾವ ಎಲ್ರೀ ಮೇಷ್ಟ್ರೇ?" ಎಂದು ಹಿಂದಿನಿಂದ ಕೂಗಿದರು.

"ಸ್ವಲ್ಪ ತಡೀರಿ, ಬರ್ತಾರೆ" ಅಂದೆ.

"ಅವಳು?" ಎಂದು ಗೆಳೆಯ ನನ್ನ ಮೊಣಕೈ ಹಿಡಿದುಕೊಂಡ.

"ಬರ್ತಾಳೆ."

ಇಂಟರ್‌ವಲ್‌ವರೆಗೆ ಇಬ್ಬರೂ ಬರಲಿಲ್ಲ. ಹೊರಗೆ ಸೋಡಾ ಅಂಗಡಿಯ ಮುಂದೆ ಮಾವ ಗೆದ್ದ ಹುಮ್ಮಸ್ಸಿನಲ್ಲಿ ನಿಂತಿದ್ದರು. "ನೋಡ್ದೇನೋ? ಮಾವನ್ನೂ ತೆಗೆದ್ರು, ಮಗಳನ್ನೂ ತೆಗೆದ್ರು. ನಾನು ಅವತ್ತೇ ಹೇಳಿರ್ಲಿಲ್ವಾ, ಆ ಮದುವೆ ಆಗಲ್ಲ ಅಂತ?"

ನನ್ನ ಗೆಳೆಯನ ಮುಖದಲ್ಲಿ ಕಳೆಯೇ ಉಳಿಯಲಿಲ್ಲ. ಕುಡಿಯದ ಸೋಡಾವನ್ನು ಹಾಗೇ ಕೆಳಗಿಟ್ಟು, "ನಡೀರಿ ಮೇಷ್ಟ್ರೇ, ಈಗ ಹೊರಟ್ರೆ ಒಂದು ಬಸ್ ಸಿಗ್ತದೆ" ಅಂದ.

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಎರಡೂರಿನವರು ನೋಡುತ್ತಿದ್ದಂತೆ ಕೈಮುಗಿದುಬಿಟ್ಟೆ. "ಅವರು ಮಾವನೂ ಅಲ್ಲ, ಅವಳು ಮಗಳೂ ಅಲ್ಲ. ನನಗೆ ಆ ಇಂಗ್ಲಿಷ್ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಎಲ್ಲ ನಾನೇ ಕಟ್ಟಿ ಹೇಳಿದ್ದು."

"ಎಂಥಾ ಮನುಷ್ಯರ್ರೀ ನೀವು!" ಎಂದು ಮಾವ ಮೈಮೇಲೆ ಏರಿ ಬಂದರು. "ಇಷ್ಟು ವರ್ಷ ಇಲ್ಲದ ಸಂಬಂಧಕ್ಕೆ ನಾನು ಗಂಟಲು ಹರ್ಕೊಂಡೆನಾ?"

"ಬಿಡಿಯಪ್ಪ, ನಂಗೆ ಮೊದಲನೇ ಚಿತ್ರದಲ್ಲೇ ಗೊತ್ತಾಗಿತ್ತು" ಎಂದಳು ಮಗಳು. ಬಿ.ಎ.ಯಲ್ಲಿ ಅವಳು ಓದಿದ್ದು ಇಂಗ್ಲಿಷ್ ಸಾಹಿತ್ಯ ಎಂದು ನನಗೆ ತಿಳಿದದ್ದು ಆಗಲೇ. ನಾನು ಬಾಯಿಗೆ ಬಂದದ್ದು ಹೇಳುವುದನ್ನು ಕೇಳಿ ಇಷ್ಟು ದಿನ ಸೆರಗಿನೊಳಗೆ ನಕ್ಕಿದ್ದಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?" ಎಂದು ಮಾವ ಅವಳತ್ತ ತಿರುಗಿದರು.

"ಹೇಳಿದ್ರೆ ಅವತ್ತೇ ಮಾತು ಮುಗೀತಿತ್ತು. ಭಾವ ಸೊರಬಕ್ಕೆ ಬರೋದೇ ಬಿಡ್ತಿದ್ರು."

ಮಾವ ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು, ಅವನ ಹೊಸ ಅಂಗಿಯನ್ನೂ ನೋಡಿದರು. ಸಿಟ್ಟು ಅವರ ಮುಖದಿಂದ ಇಳಿಯುತ್ತ ಬಂತು. "ಅಲ್ಲೋ, ಇಷ್ಟು ವರ್ಷ ಅವನ ಮದುವೆಗೆ ನನ್ನ ಹತ್ರ ಗುದ್ದಾಡಿದೆ. ನಿನ್ನ ಮದುವೆ ವಿಷ್ಯ ಒಂದಿನ ಎತ್ತಿದೀಯಾ?"

"ಕೇಳೋಕೆ ನಮ್ಮ ಕಡೆ ಹಿರಿಯರು ಯಾರಿದಾರೆ ಮಾವ?"

ಮಾವನ ದನಿ ತಗ್ಗಿತು. "ನಿಮ್ಮಮ್ಮ ನನ್ನ ತಂಗಿ ಕಣೋ. ಅವಳಿಲ್ಲ ಅಂದ್ಮೇಲೆ ನಿಮ್ಮ ಕಡೆ ಹಿರಿಯ ನಾನೇ ಅಲ್ವೇನೋ?"

ನನ್ನ ಗೆಳೆಯ ಅತ್ತುಬಿಟ್ಟ. ನನಗೂ ಕಣ್ಣು ತುಂಬಿತು, ಖುಷಿಗೋ ಬದುಕಿಕೊಂಡೆ ಎಂಬ ನಿರಾಳಕ್ಕೋ ಗೊತ್ತಿಲ್ಲ. ಒಳಗೆ ಗಂಟೆ ಹೊಡೆಯಿತು. ಮಗಳು ಯಾರ ಮುಖವನ್ನೂ ನೋಡದೆ, "ಭಾವ, ಬನ್ನಿ. ಉಳಿದದ್ದನ್ನ ನಾನು ಹೇಳ್ತೀನಿ" ಎಂದು ಮುಂದೆ ನಡೆದಳು. ಮಾವ ತಮ್ಮ ಕುರ್ಚಿಯನ್ನು ಅಳಿಯನಿಗೆ ಬಿಟ್ಟುಕೊಟ್ಟು ಹಿಂದೆ ಬಂದು ನನ್ನ ಪಕ್ಕ ಕೂತರು. ಚಿತ್ರ ಮತ್ತೆ ಶುರುವಾಯಿತು. ಮುಂದಿನಿಂದ ಪಿಸುಮಾತು ಕೇಳುತ್ತಿತ್ತು, ಒಂದೆರಡು ಸಲ ಸಣ್ಣ ನಗುವೂ ಕೇಳಿಸಿತು. ತೆರೆಯ ಮೇಲೆ ಹೊಸ ಗೂಢಚಾರ ಆ ಎಳೆಯ ಅಧಿಕಾರಿಗೆ ಏನೋ ಹೇಳಿ ಬಾಗಿಲು ಬಡಿದು ಹೊರಟ.

"ಏನಂದ?" ಎಂದು ಮಾವ ಅಭ್ಯಾಸಬಲದಿಂದ ನನ್ನತ್ತ ಬಾಗಿದರು.

"ಗೊತ್ತಿಲ್ಲ" ಅಂದೆ.