ಹಗುರಾದ ಮೀನುಬುಟ್ಟಿ

2006ರ ನವೆಂಬರ್, ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಅಂಕೋಲೆಯ ನನ್ನ ಔಷಧಿ ಅಂಗಡಿಯಲ್ಲಿ ನಾನು ಮತ್ತು ಮೀನು ಮಾರಲು ಹೊರಟಿದ್ದ ಬೇಲೆಕೇರಿಯ ವೃದ್ಧೆ ನಾಗಮ್ಮ ಇಬ್ಬರೇ ಇದ್ದೆವು. ಮೊಣಕಾಲು ನೋವಿನ ಮಾತ್ರೆ ಕೊಟ್ಟು, ಎಂದಿನಂತೆ ಬುಟ್ಟಿಯನ್ನು ಅವಳ ತಲೆಗೆ ಎತ್ತಿಕೊಡಲು ಹೋದೆ. ಬುಟ್ಟಿ ತೀರಾ ಹಗುರವಾಗಿತ್ತು.

“ಸಮುದ್ರದಲ್ಲಿ ಮೀನಿಲ್ವ ನಾಗಮ್ಮ?” ಎಂದೆ.

“ಮೀನು ರಾಶಿ ಅದೆ ಒಡ್ಯಾ. ಹೊರೂಕೆ ನಂಗೇ ಆಗೂದಿಲ್ಲ. ಸೊಸೆಗೆ ಹೇಳ್ಬೇಡಿ, ಬುಟ್ಟಿ ಕಸ್ಕಂತದು, ಮಾರೂಕೆ ಬಿಡೂದಿಲ್ಲ.”

ಕಾಲಿನ ಬಲ ನೋಡಲು ಸ್ಟೂಲಿನ ಮೇಲೆ ಕೂರಿಸಿ, ಕೈ ಊರದೆ ಏಳಲು ಹೇಳಿದೆ. ಮೂರು ಸಲ ಪ್ರಯತ್ನಿಸಿದಳು; ಏಳಲಾಗಲಿಲ್ಲ. ಸೊಸೆಗೆ ಹೇಳಲಿಲ್ಲ. ಅಂಗಡಿಗೆ ಬೀಗ ಹಾಕಿ, ನಾನೇ ವೈದ್ಯರ ಬಳಿಗೆ ಕರೆದೊಯ್ದೆ.

ತಿಂಗಳುಗಳಿಂದ ಆ ಬುಟ್ಟಿ ಹಗುರಾಗುತ್ತಾ ಬಂದದ್ದು ನನ್ನ ಕೈಗೆ ತಿಳಿದಿತ್ತು, ಏಕೆಂದು ನಾನು ಕೇಳಿರಲಿಲ್ಲ. ಅಂದು ಸಂಜೆ, ಹಾಗೆಯೇ ಕೂತು ಎದ್ದು ತೋರಿಸಲು ಕೇಳಬೇಕಾದ ಹಿರಿಯ ಗಿರಾಕಿಗಳ ಹೆಸರುಗಳನ್ನೆಲ್ಲ ಬರೆದು ಮುಗಿಸಿದೆ.