ಎಡದಿಂದ ಬಲಕ್ಕೆ ಕೊನೆಯವಳು

ನಸೀಮಾಳನ್ನು ಆ ಫೋಟೊದಿಂದ ಕತ್ತರಿಸಿದ್ದು ನಾನು. ಕಂಪ್ಯೂಟರ್ ಅಲ್ಲ, ಪ್ರೆಸ್ಸಿನವರಲ್ಲ — ನಾನು. ಅವಳ ತಾಯಿಗೆ ಇದನ್ನು ಅವತ್ತೇ ಹೇಳಬೇಕಿತ್ತು. ಹೇಳದೆ ಇಷ್ಟು ವರ್ಷ ಅವರ ಮನೆಯ ಜಗುಲಿಯಲ್ಲಿ ಕೂತು ಚಹಾ ಕುಡಿದು ಬಂದಿದ್ದೇನೆ.

ಕಡೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಅರ್ಜಿ — ಇಂಥ ಕೆಲಸ. ಶಿವನಿ ಹತ್ತಿರದ ನಮ್ಮೂರ ಶಾಲೆಗೆ ನೂರು ತುಂಬಿದಾಗ ಸ್ಮರಣ ಸಂಚಿಕೆ ಮಾಡಿಕೊಡು ಎಂದರು. ಹಳೇ ವಿದ್ಯಾರ್ಥಿನಿ ಎಂಬ ಅಭಿಮಾನ ಅವರದು, ಜಂಬ ನನ್ನದು. ಶಾಲೆಯ ಗೋಡೆಯಲ್ಲಿದ್ದ ಗ್ರೂಪ್ ಫೋಟೊಗಳನ್ನು ಸ್ಕ್ಯಾನ್ ಮಾಡಿ, ವರ್ಡ್‌ನಲ್ಲಿ ಕೂರಿಸಿ, ಪ್ರತಿಯೊಂದರ ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಹೆಸರು ಹಾಕಬೇಕಿತ್ತು.

ಅವುಗಳಲ್ಲಿ ನಮ್ಮ ಏಳನೇ ತರಗತಿಯದೂ ಒಂದು. ಕೂತವರ ಸಾಲಿನಲ್ಲಿ ಕೊನೆಯವಳು ನಸೀಮಾ, ಪಕ್ಕದಲ್ಲಿ ನಾನು. ಮಗ್ಗಿ ತಪ್ಪಿದಾಗ ಮೇಷ್ಟ್ರಿಗೆ ಕಾಣದಂತೆ ನನಗೆ ಹೇಳಿಕೊಡುತ್ತಿದ್ದವಳು ಅವಳು. ಮರುವರ್ಷವೇ ಜ್ವರ ಬಂದು ಹೋಗಿಬಿಟ್ಟಳು. ತಾಯಿ ಖೈರೂನ್ ಚಾಚಿ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮನೆಯಲ್ಲಿ ಮಗಳ ಫೋಟೊ ಒಂದೂ ಇಲ್ಲ. ದಿನಾ ಅಡುಗೆ ಇಳಿಸಿ, ಕೈ ಒರೆಸಿಕೊಂಡು, ಆ ಗೋಡೆಯ ಮುಂದೆ ಒಂದು ಗಳಿಗೆ ನಿಂತು ಹೋಗುವುದು ಅವರ ರೂಢಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಪುಟಕ್ಕೆ ಎರಡು ಫೋಟೊ ಬರಲಿ, ಕೂತವರ ಹೆಸರು ಒಂದು ಗೆರೆ, ನಿಂತವರದು ಒಂದು ಗೆರೆ ಇರಲಿ ಎಂದು ಹೆಡ್‌ಮಾಸ್ಟರು ಹೇಳಿದ್ದರು. ನಮ್ಮ ಫೋಟೊದಲ್ಲಿ ‘ನಸೀಮಾ ಬಾನು’ ಎಂಬುದೊಂದು ಮಾತ್ರ ಕೆಳಗಿನ ಗೆರೆಗೆ ಇಳಿಯುತ್ತಿತ್ತು. ಅದು ಇಳಿದದ್ದೇ ತಡ, ಕೆಳಗಿನ ಫೋಟೊ ಮುಂದಿನ ಪುಟಕ್ಕೆ ಜಿಗಿಯುವುದು, ಅದರ ಹೆಸರುಗಳು ಇಲ್ಲೇ ಉಳಿಯುವುದು. ಅಲ್ಲಿಂದ ಮುಂದೆ ಯಾರದೋ ಮುಖ, ಯಾರದೋ ಹೆಸರು — ಎಲ್ಲ ಕಲಸುಮೇಲೋಗರ. ಒಂದನ್ನು ಸರಿಪಡಿಸಿದರೆ ಇನ್ನೊಂದು ಹಾರುತ್ತಿತ್ತು. ಪ್ರೆಸ್ಸಿನಿಂದ ಫೋನ್ ಮೇಲೆ ಫೋನ್.

ನನ್ನ ಹೆಸರಿಗೆ ಅಂಟಿಸಿದ್ದ ಅಪ್ಪನ ಹೆಸರು ತೆಗೆದಿದ್ದರೆ ಜಾಗ ಸಾಕಾಗುತ್ತಿತ್ತು. ತೆಗೆಯಲಿಲ್ಲ. ಬದುಕಿರುವವರ ಹೆಸರು ಬಿಟ್ಟರೆ ಜಗಳಕ್ಕೆ ಬರುತ್ತಾರೆ, ಸತ್ತವಳು ಬಂದು ಕೇಳುತ್ತಾಳೆಯೇ — ಹೌದು, ಇದೇ ಮಾತುಗಳಲ್ಲಿ ಯೋಚಿಸಿದೆ. ಹೆಸರು ಅಳಿಸಿದೆ. ಹೆಸರಿಲ್ಲದ ಮುಖ ಕಂಡರೆ ಯಾರಾದರೂ ಕೇಳಿಯಾರು ಎಂದು ಮುಖವನ್ನೂ ಕ್ರಾಪ್ ಮಾಡಿದೆ. ಹಿಂದೆ ನಿಂತವರ ಸಾಲು ಅಲ್ಲಿಯವರೆಗೆ ಬಂದಿರಲಿಲ್ಲ, ಹಾಗಾಗಿ ಸುಲಭವಾಯಿತು.

ಕ್ರಾಪ್ ಮಾಡಿದ ಭಾಗ ಫೈಲಿನೊಳಗೆ ಅಡಗಿ ಕೂತಿರುತ್ತದೆ, ಎಳೆದರೆ ಮತ್ತೆ ಬರುತ್ತದೆ. ಆದರೆ ಫೈಲು ಭಾರವಾಗಿ ತರೀಕೆರೆಯ ಪ್ರೆಸ್ಸಿಗೆ ಮೇಲ್ ಹೋಗಲಿಲ್ಲ. ಫೋಟೊಗಳನ್ನು ಕುಗ್ಗಿಸಲು ಹೋದಾಗ ‘ಕತ್ತರಿಸಿದ ಭಾಗ ಅಳಿಸು’ ಎಂಬಲ್ಲಿ ಟಿಕ್ ಇತ್ತು. ನೋಡಿದೆ. ಓಕೆ ಒತ್ತಿದೆ. ಕೆಲಸ ಮುಗಿದ ಮೇಲೆ ಸ್ಕ್ಯಾನ್ ಮಾಡಿದ್ದನ್ನೂ ಎಂದಿನಂತೆ ಅಳಿಸಿದೆ.

ಇತ್ತ ಸಮಾರಂಭಕ್ಕೆ ಶಾಲೆಗೆ ಸುಣ್ಣ ಹೊಡೆಸಿದರು. ಪುಸ್ತಕದಲ್ಲಿ ಬರುತ್ತವಲ್ಲ ಎಂದು ಗೆದ್ದಲು ಹಿಡಿದಿದ್ದ ಫೋಟೊಗಳನ್ನು ಚೌಕಟ್ಟಿನ ಸಮೇತ ಸುಟ್ಟರು. ಚಾಚಿಯೂ ಬೇಡವೆನ್ನಲಿಲ್ಲವಂತೆ. ಇನ್ನು ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು ಎಂದುಕೊಂಡಿದ್ದರು.

ಪುಸ್ತಕ ಹಂಚಿದ ದಿನ ಪುಟ ಮಗುಚಿ ಮಗುಚಿ ನನ್ನ ಹತ್ತಿರ ಬಂದರು.

“ಲತಾ, ನಮ್ಮ ನಸೀಮಾ ಎಲ್ಲಮ್ಮಾ?”

“ಕಂಪ್ಯೂಟರ್ ತಿಂದ್ಬಿಟ್ಟೈತೆ ಚಾಚಿ. ಒಳಗೇ ಐತೆ, ತೆಗೆದ್ಕೊಡ್ತೀನಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯವಳಾದರೂ ನನಗಿಂತ ವಾಸಿ, ಅವಳು ಯಾರಿಗೂ ಆಸೆ ಹುಟ್ಟಿಸಲಿಲ್ಲ.

ಚಾಚಿ ನಂಬಿದರು. ಪುಟವನ್ನು ಕಣ್ಣ ಹತ್ತಿರ ಹಿಡಿದು, ನನ್ನ ಚಿತ್ರದ ಹೆಗಲ ಮೇಲೆ ಬೆರಳಿಟ್ಟರು. ಕತ್ತರಿಸಿದ ಅಂಚಿನಲ್ಲಿ, ನನ್ನ ಹೆಗಲ ಮೇಲೆ, ಪುಟ್ಟ ಕೈಯೊಂದರ ಬೆರಳುಗಳು ಉಳಿದುಕೊಂಡಿದ್ದವು. ಕತ್ತರಿಸುವಾಗ ನಾನು ಗಮನಿಸಿಯೇ ಇರಲಿಲ್ಲ.

“ಇದು ಅವಳ ಕೈ ಕಣಮ್ಮ. ಇಷ್ಟಾದ್ರೂ ಉಳೀತಲ್ಲ. ಮಿಕ್ಕಿದ್ದು ನೀನು ನಿಧಾನಕ್ಕೆ ತೆಗೀ.”

ಅಂದಿನಿಂದ ಕಡೂರಿಗೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಾರೆ. ಕೇಳಲು ಅವರಿಗೇ ಸಂಕೋಚ. “ಇನ್ನೂ ಬರ್ಲಿಲ್ವಾ?” ಎನ್ನುತ್ತಾರೆ. “ಇಲ್ಲ ಚಾಚಿ” ಎನ್ನುತ್ತೇನೆ. ಅಳಿಸಿದ ಫೈಲಿಗಾಗಿ ಎಲ್ಲೆಲ್ಲೋ ಹುಡುಕಿದ್ದೇನೆ, ತಿಳಿದವರನ್ನು ಕೇಳಿದ್ದೇನೆ, ಜೊತೆಗೆ ಓದಿದವರ ಮನೆಗಳಲ್ಲೂ ಆ ಫೋಟೊದ ಪ್ರತಿ ಸಿಗಲಿಲ್ಲ — ಅದರಿಂದ ಏನೂ ಬದಲಾಗುವುದಿಲ್ಲ.

ಹೋದ ವಾರ ಬಂದವರು, ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಸೆರಗಿನ ತುದಿಯಿಂದ ನನ್ನ ಮಾನಿಟರಿನ ಧೂಳು ಒರೆಸಿದರು. ಮೆಲ್ಲಗೆ, ಮಗುವಿನ ಮುಖ ಒರೆಸಿದ ಹಾಗೆ. ಒಳಗೆ ಮಗಳಿದ್ದಾಳೆ ಎಂದು.

ಭಾನುವಾರ ಊರಿಗೆ ಹೋಗುತ್ತೇನೆ. ಅವಳು ಒಳಗಿಲ್ಲ ಚಾಚಿ, ಎಲ್ಲೂ ಇಲ್ಲ, ಕತ್ತರಿಸಿದವಳು ನಾನೇ — ಇಷ್ಟನ್ನು ಹೇಳಬೇಕು. ಆಮೇಲೆ ಅವರು ಏನು ಹೇಳಿದರೂ ಕೇಳಿಸಿಕೊಂಡು ಅಲ್ಲೇ ಕೂತಿರಬೇಕು.