ದೀಪ ಹಚ್ಚಿದ ಮೇಲೆ

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ತೋಳ ಎನ್ನುವಂತಿರಲಿಲ್ಲ. ಗದಗದ ಕಡೆಯಿಂದ ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬರುವಾಗ ಅಜ್ಜಿ ತಂದ ನಿಯಮ ಅದು. ಹೆಸರು ಹಿಡಿದರೆ ಬರುತ್ತದೆ. ಹೇಳಲೇಬೇಕಾದರೆ ‘ಅದು’ ಅನ್ನಬೇಕು. ಚಿಕ್ಕವಳಿದ್ದಾಗ ಕುರಿಹಟ್ಟಿಯ ಬಾಗಿಲಲ್ಲೇ ಅದನ್ನು ಕಂಡಿದ್ದಳಂತೆ. ಇದನ್ನು ಅವಳೇ ಹೇಳಿದಳೋ, ಅವಳ ಭಯಕ್ಕೊಂದು ಕಾರಣ ಬೇಕೆಂದು ಆಮೇಲೆ ನಾನೇ ಕಟ್ಟಿಕೊಂಡೆನೋ, ತಿಳಿಯದು. ಕತ್ತಲಾಗುತ್ತಲೇ ಬಾಗಿಲಿಗೆ ಅಗಳಿ ಬೀಳುತ್ತಿದ್ದುದು ಮಾತ್ರ ನಿಜ. ಆಮೇಲೆ ಒಂದೇ ಕೋಣೆಯಲ್ಲಿ ನಾವು ನಾಲ್ವರು. ಮೇಲಧಿಕಾರಿಯನ್ನು ಕುರಿ ವೇಷದ ತೋಳ ಎಂದು ಬೈಯಲು ಅಪ್ಪ ಕೂಡ ಬೆಳಗಾಗುವ ತನಕ ಕಾಯಬೇಕಿತ್ತು.

ಐದನೇ ಕ್ಲಾಸಿನಲ್ಲಿದ್ದಾಗ, ಜಯನಗರದ ನಮ್ಮ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ‘ತೋಳ ಬಂತು, ತೋಳ’ ಎಂದು ಕೂಗುವ ಕುರಿ ಕಾಯುವವನ ಪಾತ್ರ ನನಗೆ ಸಿಕ್ಕಿತು. ನನ್ನ ಮಾತಿನ ಧಾಟಿಗೆ ನಗುತ್ತಿದ್ದ ಕ್ಲಾಸಿನಲ್ಲಿ ಮೊದಲ ಸಲ ನನಗೊಂದು ಜಾಗ, ಅದನ್ನು ಕಳೆದುಕೊಳ್ಳುವಂತಿರಲಿಲ್ಲ. ಅಲ್ಲಿ ಆ ಪದ ಬರೀ ಆಟ. ಇನ್ನೊಬ್ಬರ ಡಬ್ಬಿಗೆ ಕೈ ಹಾಕುವವಳು ತೋಳ. ಮಿಸ್ ಬರುತ್ತಿದ್ದರೆ ‘ತೋಳ ಬಂತು’. ಮನೆಯಲ್ಲಿ ಅಭ್ಯಾಸಕ್ಕೆ ಸಿಗುತ್ತಿದ್ದುದು ಸಂಜೆಯಷ್ಟೇ. ಹಾಗಾಗಿ ‘ಅದು ಬಂತು, ಅದು’ ಎಂದೇ ಅಭ್ಯಾಸ ಮಾಡುತ್ತಿದ್ದೆ.

ಕಾರ್ಯಕ್ರಮ ಮಧ್ಯಾಹ್ನ. ಹಗಲಾದ್ದರಿಂದ ತೊಂದರೆಯಿಲ್ಲ ಅಂದುಕೊಂಡಿದ್ದೆ. ಉದ್ಘಾಟನೆಗೆಂದು ದೀಪ ಹಚ್ಚುತ್ತಾರೆಂಬುದು ಹೊಳೆದಿರಲಿಲ್ಲ. ನನ್ನ ಸರದಿ ಬಂದಾಗ ವೇದಿಕೆಯ ಅಂಚಿನಲ್ಲಿ ಆಳೆತ್ತರದ ದೀಪ ಉರಿಯುತ್ತಿತ್ತು. ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ ಅಜ್ಜಿ.

“ಅದು ಬಂತು, ಅದು,” ಎಂದೆ. ಸಭೆ ನಕ್ಕಿತು. ‘ತೋಳ’ ಎಂದು ಕೇಳಿದರೆ ಮಾತ್ರ ಓಡಿ ಬರಬೇಕೆಂದು ಕಲಿತಿದ್ದ ಊರಿನವರ ಪಾತ್ರದವರು ಕೋಲು ಹಿಡಿದು ಪರದೆಯ ಹಿಂದೆಯೇ ನಿಂತರು. ಅವರು ಬರದೆ ನಾಟಕ ಮುಗಿಯದು. ನಾಟಕ ಮುಗಿಯದೆ ನಾನು ಕೆಳಗಿಳಿಯುವಂತಿಲ್ಲ.

ಪಕ್ಕದಿಂದ ಮಿಸ್ ಹಲ್ಲು ಕಚ್ಚಿ, “ಅದು ಅಂದ್ರೆ ಯಾವ್ದೇ? ಹೆಸರು ಹೇಳು,” ಎಂದರು. ದೀಪ ನೋಡಿದೆ, ಅಜ್ಜಿಯನ್ನು ನೋಡಿದೆ.

ಅಜ್ಜಿ ಎದ್ದು ನಿಂತಳು. “ಅನ್ನು ಯವ್ವಾ. ಇಷ್ಟ್ ಮಂದಿ ನಡುವ ಅದು ಬರಂಗಿಲ್ಲ.”

ಕೂಗಿದೆ. ಹಾಲ್ ನಡುಗುವಂತೆ ಕೂಗಿದೆ ಎಂದು ನನ್ನ ನೆನಪು. ಪಿಸುಗುಟ್ಟಿದೆ ಅಷ್ಟೇ ಎನ್ನುತ್ತಾಳೆ ಅಮ್ಮ. ಹೇಗೋ, ಕೋಲಿನವರು ಬಂದರು.

ಆ ಸಂಜೆ ಇನ್ನೂ ಬೆಳಕಿರುವಾಗಲೇ ಅಜ್ಜಿ ಅಗಳಿ ಹಾಕಿ, ಎಳೆದು ನೋಡಿದಳು. ಹಾಸಿಗೆ ಹಾಸುವಾಗ ನನ್ನನ್ನು ಗೋಡೆಯ ಕಡೆ ಸರಿಸಿ, ತಾನು ಬಾಗಿಲಿಗೆ ಅಡ್ಡವಾಗಿ ಮಲಗಿದಳು.